ಮೇಜರ್ ಸಾಹೇಬರ ಮೀಸೆ

ನಮ್ಮೂರ ಸರ್ಕಲ್ಲಿನಲ್ಲಿ ನಿಂತಿರುವ ಮೇಜರ್ ಸಾಹೇಬರಿಗೆ ಭರ್ಜರಿ ಮೀಸೆಯಿದೆ. ಆ ಕಡೆ ಒಂದು, ಈ ಕಡೆ ಒಂದು ಪಾರಿವಾಳ ಆರಾಮಾಗಿ ಕೂರಬಹುದು, ಕೂರುತ್ತವೆ ಕೂಡ. ಆದರೆ ಯುದ್ಧದಲ್ಲಿ ಸತ್ತ ಮೇಜರನಿಗೆ ಮೀಸೆಯೇ ಇರಲಿಲ್ಲ. ಇದು ಗೊತ್ತಿರುವವರು ಇಬ್ಬರೇ: ಒಬ್ಬಳು ಅವನ ಅಕ್ಕ, ಇನ್ನೊಬ್ಬಳು ಅವಳ ಟೈಲರಿಂಗ್ ಅಂಗಡಿಯಲ್ಲಿ ಷರಟುಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವ ನಾನು. ಉಳಿದವರಿಗೂ ಗೊತ್ತಿತ್ತು, ಮರೆತರು. ಮರೆಯುವುದಕ್ಕೆ ಒಂದು ಸಮಿತಿಯನ್ನೇ ಕಟ್ಟಿಕೊಂಡರು. ಅದರ ಹೆಸರು ಸ್ಮರಣ ಸಮಿತಿ.

ಅಕ್ಕನನ್ನು ಊರೆಲ್ಲ ಟೈಲರಕ್ಕ ಎನ್ನುತ್ತದೆ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಹೊಲಿಗೆ ಮೆಷಿನ್ನಿನ ಪೆಡಲಿಗೆ ಕಾಲು ಸರಿಯಾಗಿ ಎಟುಕುವ ಮೊದಲೇ ಸಂಸಾರ ಅವಳ ತಲೆಗೆ ಬಿತ್ತು. ಮದುವೆ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಅಂದಳು. ಅವನು ದಡ ಸೇರಿ ಆಫೀಸರಾಗುವ ಹೊತ್ತಿಗೆ ಇವಳನ್ನು ಕೇಳಿಕೊಂಡು ಬರುವವರು ನಿಂತೇ ಹೋಗಿದ್ದರು.

ಅವನ ಮೇಲ್ತುಟಿಯ ಮೇಲೆ ಮಾತ್ರ ಏನೂ ಬೆಳೆಯಲಿಲ್ಲ. ರಜೆಗೆ ಬಂದಾಗ ಕತ್ತರಿಸಿಟ್ಟ ಬಟ್ಟೆಯ ರಾಶಿಯ ಮೇಲೇ ಕೂತು ಅಕ್ಕನಿಂದ ಬೈಸಿಕೊಳ್ಳುತ್ತಿದ್ದ. "ನನ್ನ ಸಿಪಾಯಿಗಳಿಗೆಲ್ಲ ಮೀಸೆ ಇದೆ ಕಣಕ್ಕಾ, ನನಗೊಬ್ಬನಿಗೇ ಇಲ್ಲ. ಆದ್ರೂ ಸೆಲ್ಯೂಟು ನನಗೇ ಹೊಡೀತಾರೆ, ಪಾಪ" ಎಂದು ನಗುತ್ತಿದ್ದ. ನಗುವಾಗ ಆ ಬೋಳು ಮೇಲ್ತುಟಿ ಎಡಕ್ಕೆ ಓರೆಯಾಗುತ್ತಿತ್ತು. ಅಕ್ಕನ ಪಾಲಿಗೆ ತಮ್ಮ ಅಂದರೆ ಆ ಓರೆ ನಗುವೇ.

ಗಾಯಗೊಂಡು ಗುಡ್ಡದ ಮೇಲೆ ಬಿದ್ದಿದ್ದ ಇಬ್ಬರು ಸಿಪಾಯಿಗಳನ್ನು ಹೊತ್ತು ತಂದು, ಇನ್ನೊಬ್ಬನಿಗಾಗಿ ಮತ್ತೆ ಹತ್ತುವಾಗ ಅವನಿಗೆ ಗುಂಡು ತಗುಲಿತು. ಪದಕ ಬಂತು. ಪದಕದ ಬೆನ್ನಿಗೇ ಸಮಿತಿಯೂ ಬಂತು.

ಸಮಿತಿಯ ಅಧ್ಯಕ್ಷರು ಸಿಮೆಂಟ್ ಅಂಗಡಿ ಯಜಮಾನರು. ಆದ್ದರಿಂದ ಪ್ರತಿಮೆ ಸಿಮೆಂಟಿನದೇ ಎಂಬುದರಲ್ಲಿ ಚರ್ಚೆ ನಡೆಯಲಿಲ್ಲ. ಅಕ್ಕನ ಮನೆಯಲ್ಲಿದ್ದ ಒಂದೇ ಒಂದು ಫೋಟೋವನ್ನು ಮಾದರಿಗೆಂದು ಕೇಳಿ ಪಡೆದರು. ಕೆಲಸ ಎಲ್ಲಿಗೆ ಬಂತೆಂದು ನೋಡಲು ನಾವಿಬ್ಬರೂ ಶಿಲ್ಪಿಯ ಶೆಡ್ಡಿಗೆ ಹೋದೆವು. ಮೀಸೆ ನೋಡಿ ಅಕ್ಕ ಹೌಹಾರಿದಳು.

"ಇದನ್ನ ತೆಗೀರಿ. ಅವನಿಗೆ ಮೀಸೆ ಇರ್ಲಿಲ್ಲ."

"ನನ್ನ ವೀರರ ಅಚ್ಚಲ್ಲಿ ಮೀಸೆ ಸೇರೇ ಇದೆಯಮ್ಮ" ಎಂದ ಶಿಲ್ಪಿ. "ಮೀಸೆ ಬೇಡ ಅಂದ್ರೆ ಸಾಧು ಸಂತರ ಅಚ್ಚಲ್ಲಿ ತೆಗೀಬೇಕು. ಅದಕ್ಕೆ ಗಡ್ಡ ಬರುತ್ತೆ."

ಅಧ್ಯಕ್ಷರು ಸಮಾಧಾನ ಮಾಡಿದರು. "ಮೀಸೆ ಇಲ್ದಿರೋ ಮೇಜರು ಅಂದ್ರೆ ನೋಡಿದವರು ಏನಂದ್ಕೋತಾರಮ್ಮ?"

"ನನ್ನ ತಮ್ಮ ಅಂದ್ಕೋತಾರೆ" ಎಂದಳು ಅಕ್ಕ.

ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಪ್ರತಿಮೆ ಎದ್ದು ನಿಂತಿತು. ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು, ಹುಡುಗನಿಗೆ ಹತ್ತನೇ ಕ್ಲಾಸಿನಲ್ಲೇ ಮೀಸೆ ಚಿಗುರಿದ್ದನ್ನು ಕಣ್ಣಾರೆ ಕಂಡಿದ್ದಾಗಿ ಹೇಳತೊಡಗಿದರು. ಕ್ಷೌರದಂಗಡಿಯವನು ಅದನ್ನು ತಾನೇ ತಿದ್ದುತ್ತಿದ್ದೆನೆಂದ. ಕೊನೆಗೆ ಫೋಟೋ ವಾಪಸ್ ಬಂದಾಗ ಅದರಲ್ಲೂ ಕಪ್ಪು ಬಣ್ಣದ ಮೀಸೆ! "ಪ್ರತಿಮೆಗೆ ಹೊಂದಿಕೆ ಆಗ್ಲಿ ಅಂತ ನಾವೇ ಸರಿ ಮಾಡಿಸಿದ್ವಿ" ಎಂದರು ಅಧ್ಯಕ್ಷರು, ದೊಡ್ಡ ಉಪಕಾರ ಮಾಡಿದವರ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಳು. ಮೀಸೆಯ ಜೊತೆ ತುಟಿಯೂ ಕಿತ್ತು ಬಂತು.

ಈ ವರ್ಷದ ಸ್ಮರಣೆಯ ದಿನ ಅವಳನ್ನು ವೇದಿಕೆ ಹತ್ತಿಸಿ ಎರಡು ಮಾತಾಡಿ ಎಂದರು. ಅವಳು ಮೈಕಿನ ಮುಂದೆ ನಿಂತು ಒಂದೇ ಮಾತು ಹೇಳಿದಳು: "ನನ್ನ ತಮ್ಮನಿಗೆ ಮೀಸೆ ಇರ್ಲಿಲ್ಲ."

ಅಧ್ಯಕ್ಷರು ತಟ್ಟನೆ ಮೈಕು ಕಸಿದುಕೊಂಡರು. "ಎಂಥಾ ಮಾತು! ಅಷ್ಟು ದೊಡ್ಡ ಪದಕ ಬಂದ್ರೂ ಮೀಸೆ ತಿರುವಿದವರಲ್ಲ ನಮ್ಮ ಸಾಹೇಬರು. ಅಹಂಕಾರ ಅನ್ನೋದೇ ಇರ್ಲಿಲ್ಲ ಅಂತ ಈ ತಾಯಿ ಎಷ್ಟು ಚೆನ್ನಾಗಿ ಹೇಳಿದ್ರು!" ಚಪ್ಪಾಳೆಯೋ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ಸಿಮೆಂಟಿನ ಸಾಹೇಬರು ಮೀಸೆಯಡಿಯಲ್ಲೇ ಎಲ್ಲವನ್ನೂ ಒಪ್ಪಿಕೊಂಡಂತೆ ನಿಂತಿದ್ದರು.

ಅಲ್ಲಿಂದ ನೇರ ಅಂಗಡಿಗೆ ಬಂದೆವು. ನಾನು ಊರಿಗೆಲ್ಲ ಸಹಸ್ರನಾಮ ಶುರುಮಾಡಿದೆ. ಅಕ್ಕ ದಾರ ಪೋಣಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಅವನಿಗೆ ಮೀಸೆ ಇರ್ಲಿಲ್ಲ ತಾನೇ?"

"ಇದೇನಕ್ಕಾ, ನೀನೇ ಹೀಗೆ ಕೇಳ್ತೀಯ?"

"ನಿಜ ಹೇಳೇ."

"ಖಂಡಿತ ಇರ್ಲಿಲ್ಲ."

ಅವಳು ದಾರ ಕೆಳಗಿಟ್ಟಳು. "ಈಗೀಗ ಕನಸಿಗೆ ಮೀಸೆ ಇಟ್ಕೊಂಡೇ ಬರ್ತಾನೆ ಕಣೇ. ನಿನ್ನೇನೂ ಬಂದಿದ್ದ. ಆ ದರಿದ್ರದ್ದನ್ನ ಬೋಳಿಸ್ಕೊಂಡು ಬಾರೋ, ನಿನ್ನ ಮುಖ ನೋಡ್ಬೇಕು ಅಂದೆ. 'ಯಾರಮ್ಮಾ ನೀವು?' ಅಂದ."