ಕಿಲಾರಿಯ ಗುಡಿಸಲ ಮುಂದೆ ಕೋಳಿ

ನನಗಾಗ ಅರವತ್ತೊಂಬತ್ತು. ಇದು ನಡೆದು ಮೂರು ವರ್ಷವಾಯಿತು. ಎಡಗಣ್ಣಿನ ಪೊರೆ ತೆಗೆಸಿಕೊಂಡು ಚಳ್ಳಕೆರೆಯಲ್ಲಿ ಮಗಳ ಮಗಳ ಬಾಡಿಗೆ ಮನೆಯಲ್ಲಿದ್ದೆ. ಬಗ್ಗಬಾರದು, ಒಲೆ ಹೊಗೆ ಕುಡಿಯಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮೂರು ಮೊಳಕಾಲ್ಮೂರು ತಾಲ್ಲೂಕು, ರಾಂಪುರದ ಕಡೆ. ಅಲ್ಲಿ ಈ ಮೂರು ಬಿಟ್ಟರೆ ಬೇರೆ ಬದುಕೇ ಇಲ್ಲ. ಅದಕ್ಕೆ ಹದಿನೈದು ದಿನ ಇಲ್ಲೇ ಬಿದ್ದಿರು ಎಂದಳು ಮೊಮ್ಮಗಳು. ಬಿದ್ದಿದ್ದೆ.

ಮೂರನೇ ಕ್ಲಾಸಿನವರೆಗೆ ಓದಿದವಳು ನಾನು. ಇದನ್ನು ಬರೆದದ್ದು ನಾನೇ, ಕಾಗುಣಿತ ತಿದ್ದಿದ್ದು ಅವಳು. ಕಥೆ ಕಟ್ಟಿ ಆಡುವ ಆಟದವರು ಓದುತ್ತಾರೆ, ನಡೆದದ್ದು ನಡೆದ ಹಾಗೆ ಬರೆದುಕೊಡು ಎಂದಳು.

ಅವಳು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂರು ಜನ ಮನೆಗೆ ಬರುತ್ತಿದ್ದರು. ಒಬ್ಬ ಅವಳ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು. ಇನ್ನೊಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು. ಮೂರನೆಯವಳು ಆ ವಾರ ಹಿರಿಯೂರಿಗೆ ಮದುವೆಗೆ ಹೋಗಿದ್ದಳು. ನಾಲ್ಕು ಜನರಿಲ್ಲದೆ ಆಟ ಏಳುವುದಿಲ್ಲವಂತೆ.

"ಅಜ್ಜಿ, ನೀನೂ ಕೂತ್ಕೋ ಬಾ."

"ನಂಗೆ ಕಣ್ಣು ಕಾಣಲ್ಲ ಕಣೆ."

"ಕಣ್ಣು ಬ್ಯಾಡ. ಬಾಯಿದ್ರೆ ಸಾಕು."

"ಬಾಯಿ ಐತೆ," ಎಂದು ಕೂತೆ.

ಆಟ ಇಷ್ಟೇ. ಒಬ್ಬರು ಕಥೆ ನಡೆಸುತ್ತಾರೆ. ಅದು ಮೊಮ್ಮಗಳು. ಉಳಿದವರು ಕಥೆಯೊಳಗೆ ಒಬ್ಬೊಬ್ಬರಾಗುತ್ತಾರೆ. ಇಂಥ ಕಡೆ ಬಂದಿದ್ದೀರಿ, ಹೀಗೆ ಕಾಣುತ್ತಿದೆ, ಏನು ಮಾಡುತ್ತೀರಿ ಎಂದು ಅವಳು ಕೇಳುತ್ತಾಳೆ. ಇವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎನ್ನುವುದಕ್ಕೆ ದಾಳ ಹಾಕುತ್ತಾರೆ. ದಾಳಕ್ಕೆ ಹತ್ತು ಮುಖ, ಬಿದ್ದ ಸಂಖ್ಯೆಯನ್ನು ನನಗೆ ಮೇಷ್ಟ್ರು ಓದಿ ಹೇಳಬೇಕಿತ್ತು. ಒಬ್ಬೊಬ್ಬರ ಬುದ್ಧಿಗೂ ಅಂಕ ಇರುತ್ತದೆ. ನೋಡಬಾರದ್ದನ್ನು ನೋಡಿದರೆ ಅಂಕ ಹೋಗುತ್ತದೆ. ಪೂರ್ತಿ ಹೋದರೆ ಹುಚ್ಚು, ಆಟದಿಂದ ಹೊರಗೆ. ನನಗೆ ಐವತ್ತೈದು ಕೊಟ್ಟರು.

ಮೊಬೈಲ್ ಅಂಗಡಿಯವನು ಪೊಲೀಸ್ ಇನ್ಸ್‌ಪೆಕ್ಟರ್ ಆದ. ಮೇಷ್ಟ್ರು ಹಳೇ ಶಾಸನ ಓದುವ ಪಂಡಿತನಾದರು.

"ನೀನೇನಾಗ್ತೀಯಾ ಅಜ್ಜಿ? ಡಾಕ್ಟರಾಗು, ಪೇಪರಿನೋಳಾಗು."

"ಕುರಿ ಕಾಯೋ ಮುದುಕಿ. ಗೊತ್ತಿಲ್ಲದ್ದಾಗಿ ಏನು ಮಾಡ್ಲಿ?"

ಮೊಮ್ಮಗಳು ಅವತ್ತು ಹಾಳೆಗಳನ್ನು ಮೂರು ಸಲ ಎಣಿಸಿದಳು. ಕಾರಣ ಇತ್ತು. ಈ ಕಥೆ ಯಾವುದೋ ಪುಸ್ತಕದ್ದಲ್ಲ, ಎಂಟು ತಿಂಗಳು ಕೂತು ಅವಳೇ ಬರೆದದ್ದು. ಮುಂದಿನ ಭಾನುವಾರ ದಾವಣಗೆರೆಯಲ್ಲಿ ಆಟದವರೆಲ್ಲ ಸೇರುವವರಿದ್ದರು. ಇಂಥ ಕಥೆಗಳನ್ನು ಅಚ್ಚು ಹಾಕಿಸುವವನೊಬ್ಬ ಅಲ್ಲಿ ಅವಳ ಮುಂದೆ ಕೂತು ಆಡುತ್ತೇನೆ ಎಂದಿದ್ದ. ಅವನು ಒಪ್ಪಿದರೆ ಪುಸ್ತಕ, ಇಲ್ಲದಿದ್ದರೆ ಇಲ್ಲ. ಅದಕ್ಕೆ ಮೊದಲು ಪೂರ್ತಿಯಾಗಿ ಒಮ್ಮೆ ಆಡಿಸಿ ನೋಡಲು ಇದ್ದದ್ದು ಅದೊಂದೇ ಭಾನುವಾರ. ನಾಲ್ಕು ಗಂಟೆಯ ಕಥೆಯಂತೆ.

ಕಥೆ ನಡೆಯುವುದು ನಮ್ಮ ಕಾವಲಿನಲ್ಲೇ. ಹುಲ್ಲುಗಾವಲಿನ ನಡುವೆ ಒಂದು ಹಾಳು ಬಾವಿ. ಅದರ ತಳದಲ್ಲಿ ಮನುಷ್ಯರು ಹುಟ್ಟುವುದಕ್ಕಿಂತ ಮೊದಲಿನದೇನೋ ಒಂದು ಇದೆ.

"ಅದಕ್ಕೇನು ಬೇಕಂತೆ?" ಎಂದೆ.

"ಏನೂ ಬ್ಯಾಡ ಅಜ್ಜಿ."

"ಕುರಿ ಗಿರಿ? ಎಡೆ?"

"ಏನೂ ಇಲ್ಲ. ನಾವು ಇದೀವಿ ಅನ್ನೋದೇ ಅದಕ್ಕೆ ಗೊತ್ತಿಲ್ಲ. ಭಯ ಇರೋದೇ ಅಲ್ಲಿ."

ಮೇಷ್ಟ್ರು ನಕ್ಕರು. "ಅಜ್ಜಿಗೆ ಭಯಾನೇ ಆಗ್ಲಿಲ್ಲ ಕಣ್ರಿ."

ಆಗಲಿಲ್ಲ. ನನ್ನ ಮದುವೆಯಾದ ಎರಡನೇ ವರ್ಷ ಕುರಿಗಳಿಗೆ ನಾಲಿಗೆ ನೀಲಿಯಾಗುವ ರೋಗ ಬಂದಿತ್ತು. ನಾಲ್ಕು ದಿನಕ್ಕೆ ಹಟ್ಟಿ ಖಾಲಿ. ಅತ್ತೆ ಮೂರು ದೇವರಿಗೆ ಹರಕೆ ಹೊತ್ತಳು. ಪಕ್ಕದ ಹಟ್ಟಿಯವರು ಒಂದು ಹರಕೆಯನ್ನೂ ಹೊರಲಿಲ್ಲ. ಎರಡೂ ಕಡೆ ಸತ್ತವು. ಆ ರೋಗಕ್ಕೆ ನಮ್ಮ ಮೇಲೆ ಸಿಟ್ಟಿರಲಿಲ್ಲ, ನಾವು ಯಾರೆಂದೂ ಗೊತ್ತಿರಲಿಲ್ಲ. ಇಂಥದ್ದನ್ನು ಕೇಳಿ ಹೆದರುವವರು ಅಲ್ಲಿಯವರೆಗೆ ಯಾರೋ ತಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು. ಅವಳಿಗೆ ಇದನ್ನು ಹೇಳಲಿಲ್ಲ. "ನಡೀಲಿ," ಎಂದೆ.

ಕಥೆ ನಡೆಯಿತು. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನಿಗೆ ನಮ್ಮಲ್ಲಿ ಕಿಲಾರಿ ಎನ್ನುತ್ತೇವೆ. ಕಥೆಯೊಳಗಿನ ಕಿಲಾರಿ ಮೂರು ದಿನ ಕಾಣೆಯಾಗಿದ್ದು ವಾಪಸ್ಸು ಬಂದಿದ್ದಾನೆ. ಅವನು ಬಂದಾಗಿನಿಂದ ಎತ್ತುಗಳು ನೀರು ಮುಟ್ಟುತ್ತಿಲ್ಲ. ವಿಚಾರಿಸುವುದಕ್ಕೆ ನಾವು ಹೋಗಿದ್ದೇವೆ. ಮೊಮ್ಮಗಳು ಚೆನ್ನಾಗಿಯೇ ಹೇಳುತ್ತಿದ್ದಳು. ಬಾದೆಹುಲ್ಲು, ಬಿಸಿಲು, ಎತ್ತು ಕೂಡಿಹಾಕುವ ರೊಪ್ಪದ ಮುಳ್ಳುಬೇಲಿ, ಗುಡಿಸಲು. ಗುಡಿಸಲ ಬಾಗಿಲಲ್ಲಿ ಕಿಲಾರಿ ಕೂತಿದ್ದಾನೆ. ಬನ್ನಿ ಎಂದು ನಗುತ್ತಾನೆ, ನೀರು ಕೊಡುತ್ತಾನೆ. ಅವನ ಕಾಲ ಸುತ್ತ ನಾಲ್ಕು ಕೋಳಿ ಕೆದಕುತ್ತಿವೆ.

"ಏನು ಕೆದಕ್ತಾವೆ?"

"ಕೋಳಿ."

"ಯಾರವು?"

"ಅವನವೇ ಅಜ್ಜಿ. ಸಾಕ್ಕಂಡಿದಾನೆ."

ನಾನು ಇನ್ಸ್‌ಪೆಕ್ಟರ್ ಕಡೆ ತಿರುಗಿದೆ. "ಏಳಪ್ಪ. ನೀರು ಕುಡೀಬ್ಯಾಡ. ಇವನು ಕಿಲಾರಿ ಅಲ್ಲ."

"ಯಾಕಜ್ಜಿ, ಒಳ್ಳೆ ಮನುಷ್ಯನಂಗೆ ಕಾಣ್ತಾನೆ."

"ಮನುಷ್ಯಾನೂ ಅಲ್ಲ. ನಮ್ಮ ಕಿಲಾರಿ ಕೋಳಿ ಸಾಕ್ತಾನಾ? ಅವನ ಚರ್ಮ ಹೊದ್ಕಂಡು ಏನೋ ಕುಂತೈತೆ."

ನಮ್ಮ ಜನ ಕೋಳಿ ತಿನ್ನುವುದಿಲ್ಲ, ಸಾಕುವುದೂ ಇಲ್ಲ. ಎತ್ತಿನ ರೊಪ್ಪದ ಹತ್ತಿರವಂತೂ ಕೋಳಿ ಸುಳಿಯುವ ಮಾತೇ ಇಲ್ಲ. ತಿನ್ನುವುದಿಲ್ಲ ಎನ್ನುವುದು ಮೊಮ್ಮಗಳಿಗೆ ಗೊತ್ತಿತ್ತು. ಅವಳ ಅವ್ವ, ಅಂದರೆ ನನ್ನ ಮಗಳು, ಚಳ್ಳಕೆರೆಗೆ ಬಂದ ಮೇಲೆ ಮೊಟ್ಟೆ ಶುರು ಮಾಡಿದಳು. ಇವಳು ಬೇಕರಿಯ ಎಗ್ ಪಫ್ಸ್ ತಿಂದೇ ಬೆಳೆದಳು. ನಾನು ಏನೂ ಅಂದಿಲ್ಲ. ಮೊಮ್ಮಗಳು ನನಗೆ ತಟ್ಟೆ ಬೇರೆ ಇಟ್ಟಿದ್ದಳು, ಸಾಕಾಗಿತ್ತು. ಸಾಕುವುದೂ ಇಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಕೆಂಪು ಹೇಂಟೆ ದಿನಾ ಬೆಳಿಗ್ಗೆ ಅಂಗಳಕ್ಕೆ ಬರುತ್ತಿತ್ತು, ದಿನಾ ನಾನು ಓಡಿಸುತ್ತಿದ್ದೆ. ಮುದುಕಿಗೆ ಗಲೀಜು ಆಗುವುದಿಲ್ಲ ಎಂದುಕೊಂಡಿದ್ದಳಂತೆ.

"ಸರಿ ಅಜ್ಜಿ, ಈಗೇನು ಮಾಡ್ತೀಯಾ?" ಎಂದಳು. ದನಿ ಬದಲಾಗಿತ್ತು.

"ಎತ್ತು ಹೊಡ್ಕಂಡು ಹೋಗ್ತೀನಿ."

"ಬಾವಿ ನೋಡಲ್ವಾ?"

"ಬಾವೀಲಿ ಏನೈತೆ ನಂದು? ಇನ್‌ಸ್ಪೆಟ್ರೇ, ಬೂಟು ಬಿಚ್ಚು. ಮೆಟ್ಟು ಹಾಕ್ಕಂಡು ರೊಪ್ಪದೊಳಗೆ ಕಾಲಿಡಂಗಿಲ್ಲ."

ಅವನು ಆಟದಲ್ಲಿ ಬಿಚ್ಚಿದೆ ಎಂದ. ನಿಜವಾಗಿಯೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಿದ್ದನ್ನು ಬಲಗಣ್ಣಲ್ಲಿ ನೋಡಿದೆ. ಪಂಡಿತನ ಕೈಲಿ ಜಾಲಿ ಮುಳ್ಳು ಎಳೆಸಿ ಗುಡಿಸಲ ಬಾಗಿಲಿಗೆ ಅಡ್ಡ ಹಾಕಿಸಿದೆ. ಕಿಲಾರಿಯ ಹಾಗಿದ್ದದ್ದು ಒಳಗೇ ಉಳಿಯಿತು. ದಾಳ ಹಾಕಿದೆವು, ಒಳ್ಳೆಯದೇ ಬಿತ್ತು. ಎತ್ತು ಬೇರೆ ಹಳ್ಳದ ನೀರಿಗೆ ಹೋದವು. ಕಥೆ ಮುಗಿಯಿತು. ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ಐವತ್ತೈದು ಐವತ್ತೈದೇ ಇತ್ತು.

ಮೊಮ್ಮಗಳು ಹಾಳೆಗಳನ್ನು ಜೋಡಿಸಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು. ತೊಳೆಯುವ ಸದ್ದು ಬರಲಿಲ್ಲ.

"ಏನಜ್ಜಿ ನೀವು. ಎಂಟು ತಿಂಗಳು ಬರೆದಿದ್ದು ರೀ ಅದು," ಎಂದರು ಮೇಷ್ಟ್ರು ಮೆಲ್ಲಗೆ.

"ಎಂಟು ತಿಂಗಳಲ್ಲಿ ಒಂದಿನ ಊರಿಗೆ ಬರ್ಬೋದಿತ್ತು. ಎರಡು ತಾಸಿನ ಬಸ್ಸು."

ಅವಳಿಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಮೊಬೈಲ್ ಅಂಗಡಿಯವನು ಅಡುಗೆಮನೆ ಬಾಗಿಲಿಗೆ ಹೋಗಿ, "ಅಕ್ಕಾ, ಕೋಳಿ ತೆಗ್ದು ನಾಯಿ ಹಾಕು. ಒಂದು ಪದ ತಾನೆ, ಕತೆ ನೆಟ್ಟಗಾಯ್ತದೆ. ದಾವಣಗೆರೆಯೋರಿಗೆ ಇದೆಲ್ಲ ಯಾರಿಗೆ ಗೊತ್ತಾಗುತ್ತೆ?" ಎಂದ.

"ಗೊತ್ತಾಗಲ್ಲ," ಎಂದೆ ನಾನು. "ಇವಳಿಗೇ ಗೊತ್ತಾಗ್ಲಿಲ್ಲ."

ಅದು ಜಾಸ್ತಿಯಾಯಿತು. ಇಬ್ಬರೂ ಟೀ ಕುಡಿಯದೆ ಹೋದರು.

ಸಂಜೆ ಅವಳು ನನ್ನ ಕಣ್ಣಿಗೆ ಔಷಧಿ ಬಿಡುವುದಕ್ಕೆ ಬಂದಳು. ತಲೆ ಹಿಂದಕ್ಕೆ ಹಾಕಿ ಕೂತಿದ್ದೆ. ಹನಿ ಬಿಟ್ಟು, ಅಲ್ಲೇ ನಿಂತು ಕೇಳಿದಳು.

"ನಾವ್ಯಾಕಜ್ಜಿ ಕೋಳಿ ಸಾಕಲ್ಲ?"

"ಗೊತ್ತಿಲ್ಲ."

"ಗೊತ್ತಿಲ್ವಾ?"

"ನಮ್ಮಪ್ಪ ಯಾರೋ ಹಿರೇರು ಆಣೆ ಹಾಕಿದ್ರು ಅಂತಿದ್ದ. ಅತ್ತೆ ದೇವರಿಗೆ ಆಗಲ್ಲ ಅಂತಿದ್ಲು. ಒಬ್ಬೊಬ್ರು ಒಂದೊಂದು ಹೇಳ್ತಾರೆ. ನಾನು ಕೇಳಕ್ಕೋಗ್ಲಿಲ್ಲ."

"ಅರವತ್ತೊಂಬತ್ತು ವರ್ಷ, ಯಾಕೆ ಅಂತ ಗೊತ್ತಿಲ್ದಂಗೆ?"

"ಹೂಂ."

ನನ್ನ ಕೆನ್ನೆಯ ಮೇಲೆ ಇಳಿದ ಹನಿ ಒರೆಸಿದಳು. ಆಮೇಲೆ, "ನನ್ನ ಬಾವಿಗಿಂತ ಇದೇ ಭಯ ಆಗುತ್ತೆ ಅಜ್ಜಿ," ಎಂದಳು. ನನಗೆ ಅದರಲ್ಲಿ ಭಯಪಡುವುದೇನೂ ಕಾಣಲಿಲ್ಲ. ಔಷಧಿ ಬಾಟಲಿಯ ಮುಚ್ಚಳ ಹಾಕು ಎಂದೆ.

ಆ ಕಥೆ ಈಗ ಪುಸ್ತಕವಾಗಿದೆ. ದಾವಣಗೆರೆಯಲ್ಲಿ ಆಡಿದ ಐದು ಜನರಲ್ಲಿ ನಾಲ್ವರು ಬಾವಿಯ ಹತ್ತಿರ ಬುದ್ಧಿ ಕಳೆದುಕೊಂಡರಂತೆ. ಕೋಳಿಯ ವಿಷಯ ಅವರಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಚ್ಚು ಹಾಕಿಸುವವನು ಕೋಳಿ ಇದ್ದ ಮೊದಲ ಹಾಳೆಯನ್ನು ವಾಪಸ್ಸು ತಿರುವಿ ಇನ್ನೊಮ್ಮೆ ಓದಿದನಂತೆ. ರಟ್ಟಿನ ಮೇಲೆ ಕೋಳಿಯ ಚಿತ್ರ ಹಾಕಿದ್ದಾರೆ. ನನಗೂ ಒಂದು ಕೊಟ್ಟಿದ್ದಾಳೆ. ಅದನ್ನು ಊರಿನ ಮನೆಯೊಳಗೆ ಇಟ್ಟಿಲ್ಲ, ಹೊರಗಿನ ಗೂಡಿನಲ್ಲಿ ಇಟ್ಟಿದ್ದೇನೆ. ಚಿತ್ರವಾದರೂ ಕೋಳಿ ಕೋಳಿಯೇ.

ಹೀಗಾಗುತ್ತದೆ ಎಂದು ಆಟದ ಮಾರನೇ ದಿನ ಸೋಮವಾರ ಬೆಳಿಗ್ಗೆ ನಮಗೆ ಗೊತ್ತಿರಲಿಲ್ಲ. ನಾನು ಏಳುವಷ್ಟರಲ್ಲಿ ಅವಳು ಕಾಲೇಜಿಗೆ ಸೀರೆ ಉಟ್ಟು, ಹಾಳೆಗಳನ್ನು ಮುಂದೆ ಹರಡಿಕೊಂಡು ಕೂತಿದ್ದಳು.

"ಕೋಳಿ ತೆಗೆಯಲ್ಲ ಅಜ್ಜಿ."

"ತಪ್ಪು ಅಂತ ಗೊತ್ತಾದ್ಮೇಲೂ?"

"ತಪ್ಪು ನಂದಲ್ಲ, ಅದರದ್ದು. ಬಾವಿಯೊಳಗಿಂದ ಬಂದಿದ್ದು ಮನುಷ್ಯರನ್ನ ದೂರದಿಂದ ನೋಡೈತೆ. ಮನೆ ಅಂದ್ರೆ ಬಾಗ್ಲು, ನೀರು, ಕೋಳಿ ಅಂದ್ಕಂಡೈತೆ. ಹತ್ರ ಬಂದು ನೋಡಿಲ್ಲ." ಹಾಳೆ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. "ನನ್ನಂಗೇ."

ಅಷ್ಟರಲ್ಲಿ ಪಕ್ಕದ ಮನೆಯ ಹೇಂಟೆ ಗೇಟಿನ ಕೆಳಗೆ ನುಸುಳಿ ಅಂಗಳಕ್ಕೆ ಬಂತು. ಪೊರಕೆ ತೆಗೆದುಕೊಂಡು ಓಡಿಸಿದೆ. ಹೋಗುತ್ತ ಹೊಸಲಿನ ಮುಂದೆ ಹಿಕ್ಕೆ ಹಾಕಿ ಹೋಯಿತು. ಬಗ್ಗಬಾರದು ಎಂದಿದ್ದರು ಡಾಕ್ಟರು. ಒಂದು ಚೊಂಬು ನೀರು ತಂದು, ಬಗ್ಗಿ ತೊಳೆದೆ.