ಬೋರಯ್ಯನ ಚೀಟಿ

ಸಾವಿರದ ಒಂಬೈನೂರ ಎಂಬತ್ತೊಂದರ ಆ ಶನಿವಾರ ಸಂಜೀವಯ್ಯನವರು ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗಿದ್ದರು. ಮಧ್ಯಾಹ್ನ ಫ್ಯಾಕ್ಟರಿಯಿಂದ ಬನಶಂಕರಿಯ ಮನೆಗೆ ಬಂದವರು ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಬಿಟ್ಟರು. ಅವರನ್ನು ನೋಡಿ ನೋಡಿ ತನಗೇ ಕಾಲು ನೋಯುತ್ತಿದೆ ಎಂದು ಹೆಂಡತಿ ಗಿರಿಜಾದೇವಿ ಗೊಣಗಿದರು. ನಾಲ್ಕನೆಯ ಸಲ ಮೆಟ್ಟಿದ ಚಪ್ಪಲಿಯನ್ನು ಬಿಡದೆ ಜಯನಗರದ ಬಸ್ಸು ಹತ್ತಿದರು.

ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಈ ನಲವತ್ತಾರರ ಮನುಷ್ಯನಿಗೆ ಜೀವನದಲ್ಲಿ ಇದ್ದ ಹುಚ್ಚು ಒಂದೇ, ‘ಚೀಟಿ ಹಾಕಿ’ ಎಂಬ ಆಟ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದಿನ ಹೋಟೆಲೊಂದರಲ್ಲಿ ಐದು ಜನ ಗೆಳೆಯರು ಒಂಬತ್ತು ವರ್ಷದಿಂದ ಇದನ್ನು ಆಡುತ್ತಿದ್ದರು. ನಗರದ ಹಾಕಿ ಲೀಗು ಶುರುವಾಗುವ ಮುಂಚೆ ಆಟಗಾರರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಟೋಪಿಗೆ ಹಾಕಿ ಆರಾರು ಎತ್ತಿಕೊಳ್ಳುವುದು. ಹಳೆಯ ವರ್ಷದ ಒಂದು ಚೀಟಿಯನ್ನು ಬೇಕಾದರೆ ಉಳಿಸಿಕೊಳ್ಳಬಹುದು. ನಿಮ್ಮ ಚೀಟಿಯವನು ಮೈದಾನದಲ್ಲಿ ಗೋಲು ಹೊಡೆದ ಸುದ್ದಿ ಪೇಪರಿನಲ್ಲಿ ಬಂದರೆ ನಿಮಗೊಂದು ಪಾಯಿಂಟು. ಗೆದ್ದವನಿಗೆ ವರ್ಷವಿಡೀ ಕಿಟಕಿ ಪಕ್ಕದ ಕುರ್ಚಿ, ಅಷ್ಟೇ. ಆ ಕುರ್ಚಿಯಲ್ಲಿ ಒಂದು ದಿನವೂ ಕೂರದಿದ್ದವರು ಐವರಲ್ಲಿ ಸಂಜೀವಯ್ಯನವರೊಬ್ಬರೇ. ನಗಬೇಡಿ, ಮನುಷ್ಯ ಇದಕ್ಕಿಂತ ಸಣ್ಣದಕ್ಕೂ ನಿದ್ದೆ ಕೆಡಿಸಿಕೊಂಡಿದ್ದಾನೆ.

ಲೀಗಿನ ಅರ್ಧದಲ್ಲಿ ಬರುವ ಒಂದು ಶನಿವಾರ ಮಾತ್ರ ಚೀಟಿ ಅದಲು ಬದಲು ಮಾಡಬಹುದು, ಅದೂ ಹೋಟೆಲಿನ ಗಡಿಯಾರ ಆರು ಹೊಡೆಯುವ ತನಕ. ಈ ಶನಿವಾರವೇ ಅದು. ಬಾಯಿಮಾತಿಗೆ ಬೆಲೆಯಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ಕಾಫಿಯನ್ನು ಬೈಟು ಹೇಳಿ, ಎರಡು ಲೋಟಕ್ಕೆ ಹಂಚಿಸಿಕೊಂಡು ಇಬ್ಬರೂ ಕುಡಿಯಬೇಕು. ಕುಡಿದರೆ ಮುಗಿಯಿತು, ಬ್ರಹ್ಮ ಬಂದರೂ ವಾಪಸ್ಸಿಲ್ಲ. ನಿವೃತ್ತ ಮೇಷ್ಟ್ರು ಮರುಳಸಿದ್ದಪ್ಪನವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು.

ಸಂಜೀವಯ್ಯನವರು ಆರು ವರ್ಷದಿಂದ ಯಾರಿಗೂ ಬಿಟ್ಟುಕೊಡದ ಚೀಟಿ ಬೋರಯ್ಯನದು. ಹುಳಿಮಾವಿನ ಕೆರೆ ಬಯಲಿನಲ್ಲಿ ಬಗ್ಗಿದ ಕೊಂಬೆ ಹಿಡಿದು ಆಡುತ್ತಿದ್ದವನನ್ನು ಫ್ಯಾಕ್ಟರಿ ಟೀಮಿಗೆ ತಂದವರು ಅವರೇ. ಹಾಕಿಗೆಂದೇ ಕೊಟ್ಟ ಕೆಲಸ, ಆರು ವರ್ಷವಾದರೂ ಟೆಂಪರರಿ. ಪ್ರತಿ ವರ್ಷ ಲೀಗು ಶುರುವಾದಾಗ ಅವನು ಸ್ಟೋರ್ಸಿನ ಕಿಟಕಿಗೆ ಬಂದು, ಈ ವರ್ಷವೂ ತನ್ನ ಚೀಟಿ ಅಣ್ಣನ ಹತ್ತಿರವೇ ತಾನೇ ಎಂದು ಕೇಳಿ, ಹೌದೆನ್ನಿಸಿಕೊಂಡು ಹೋಗುತ್ತಿದ್ದ. ಅದರಲ್ಲಿ ಅವನಿಗೇನೋ ಹೆಮ್ಮೆ.

ಈ ಗುರುವಾರ, ಲೀಗಿನ ನಡುವೆಯೇ, ಮತ್ತೆ ಬಂದಿದ್ದ. ಆದರೆ ಈ ಸಲ ಒಳಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದ. ತೆಂಗಿನಕಾಯಿಯಷ್ಟು ಊದಿತ್ತು. ಫ್ಯಾಕ್ಟರಿ ಡಿಸ್ಪೆನ್ಸರಿಯ ಡಾಕ್ಟರು ಇನ್ನು ಓಡಲೇಬೇಡ ಅಂದಿದ್ದರಂತೆ.

“ತಿಂಗಳ ಕೊನೇಲಿ ಪರ್ಮನೆಂಟ್ ಆರ್ಡರ್ ಬರತ್ತೆ ಅಂತಾವ್ರೆ. ಅಲ್ಲೀವರ್ಗೂ ಹೆಂಗೋ ಫೀಲ್ಡಲ್ಲಿ ನಿಂತ್ಕೊಂಡಿರ್ತೀನಿ. ನಿಮ್ಮೊಬ್ಬರಿಗೇ ಹೇಳಿರೋದು ಅಣ್ಣ,” ಅಂದ.

ಹೊಟ್ಟೆಯಲ್ಲಿ ಹಾಕಿಕೊಂಡಿರುತ್ತೇನೆ ಎಂದು ಸಂಜೀವಯ್ಯನವರು ಅವನ ಭುಜ ಮುಟ್ಟಿ ಹೇಳಿ ಕಳಿಸಿದ್ದರು. ಹೊಟ್ಟೆಯಲ್ಲಿ ಹಾಕಿಕೊಂಡದ್ದು ಎರಡು ದಿನದಿಂದ ಅಲ್ಲಿ ಸುಮ್ಮನೆ ಮಲಗಿರಲಿಲ್ಲ.

ಹೋಟೆಲಿಗೆ ಬಂದಾಗ ಐದು ಗಂಟೆ. ಈ ವರ್ಷ ಅವರು ಮೊದಲ ಸ್ಥಾನಕ್ಕೆ ಎರಡೇ ಪಾಯಿಂಟು ಹಿಂದೆ. ಮೊದಲ ಸ್ಥಾನದಲ್ಲಿದ್ದವನು ಗುಂಡಣ್ಣ, ಅದೇ ಫ್ಯಾಕ್ಟರಿಯ ಪರ್ಸನೆಲ್ ಸೆಕ್ಷನ್ನಿನ ಗುಮಾಸ್ತ. ಯಾರನ್ನು ಖಾಯಂ ಮಾಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ಫೈಲೆಲ್ಲ ಅವನ ಮೇಜಿನ ಮೇಲಿಂದಲೇ ಹೋಗಬೇಕು. ಕುರ್ಚಿ ಎಳೆದುಕೊಂಡು ಕೂತವನೇ ಅವನು ಬೋರಯ್ಯನ ಚೀಟಿ ಕೇಳಿದ. ಬದಲಿಗೆ ಸೆಲ್ವಮಣಿಯನ್ನು ಕೊಡುತ್ತೇನೆ ಅಂದ.

ಸೆಲ್ವಮಣಿ ಆ ವರ್ಷ ಲೀಗಿನಲ್ಲೇ ಹೆಚ್ಚು ಗೋಲು ಹೊಡೆದಿದ್ದವನು. ತಲೆ ನೆಟ್ಟಗಿರುವ ಯಾರೂ ಅವನನ್ನು ಕೊಟ್ಟು ಬೋರಯ್ಯನನ್ನು ಕೇಳುವುದಿಲ್ಲ. ಇವನು ಗಾಳ ಹಾಕುತ್ತಿದ್ದಾನೆ ಎಂದು ಸಂಜೀವಯ್ಯನವರಿಗೆ ಅನ್ನಿಸಿತು. ಆರು ವರ್ಷ ಬಿಡದವರು ಇವತ್ತು ಬಿಟ್ಟರೆ ಬೋರಯ್ಯನಿಗೆ ಏನೋ ಆಗಿದೆ ಎಂದು ಇವನಿಗೆ ಗೊತ್ತಾಗುತ್ತದೆ, ಸೋಮವಾರ ಫೈಲಿನಲ್ಲಿ ಒಂದು ಸಾಲು ಸೇರುತ್ತದೆ, ಅಲ್ಲಿಗೆ ಹುಡುಗನ ಅನ್ನ ಹೋಯಿತು. ಬಿಡದಿದ್ದರೆ ಕಿಟಕಿ ಪಕ್ಕದ ಕುರ್ಚಿ ಹೋಯಿತು. ಅತ್ತ ದರಿ, ಇತ್ತ ಪುಲಿ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದರು. ಆಗಲ್ಲ ಅನ್ನುವುದಕ್ಕೆ ಯೋಚನೆ ಯಾಕೆ ಬೇಕಿತ್ತು ಎಂದು ಅವರನ್ನು ಕೇಳುವವರು ಯಾರು? ಕಾಂಪ್ಲೆಕ್ಸನ್ನು ಒಂದು ಸುತ್ತು ಹಾಕಿದರು. ಬೇಡದ ಒಂದು ಬಾಚಣಿಗೆ ಕೊಂಡರು. ವಾಪಸ್ಸು ಬಂದು ಕೂತು, ಎದ್ದು ಕೈ ತೊಳೆದು, ಮತ್ತೆ ಕೂತರು. ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷವಿತ್ತು.

ಗುಂಡಣ್ಣ ಬೈಟು ಹೇಳಿದ. ಎರಡು ಲೋಟ ಬಂದವು. ಗುಂಡಣ್ಣ ತನ್ನದನ್ನು ಕುಡಿದು ಕೆಳಗಿಟ್ಟ. ಬೇಡ ಎಂದು ಹೇಳಲು ಸಂಜೀವಯ್ಯನವರು ಬಾಯಿ ತೆರೆದರು. ಆದರೆ ಬಂದ ಮಾತು ಬಸ್ಸಿನ ರಶ್ಶಿನದು, ಬಿಸಿಲಿನದು. ಮಾತಿನ ನಡುವೆ ಇಪ್ಪತ್ತು ವರ್ಷದ ಕಾಫಿ ಅಭ್ಯಾಸದ ಕೈ ಎದುರಿಗಿದ್ದ ಲೋಟ ಎತ್ತಿತು, ಬಾಯಿ ಕುಡಿಯಿತು. ಬಸ್ಸಿನ ಮಾತು ಅಲ್ಲೇ ನಿಂತಿತು. ಮರುಳಸಿದ್ದಪ್ಪನವರು ನೋಟ್‌ಬುಕ್ಕಿನಲ್ಲಿ ಬರೆದು ಗೆರೆ ಎಳೆದರು.

ಕೈ ತಾನಾಗಿ ಹೋಯಿತು ಎಂದು ಅವರು ಮನೆಯವರೆಗೂ ಹೇಳಿಕೊಂಡರು. ಸೆಲ್ವಮಣಿಯ ಚೀಟಿ ಜೇಬಿನಲ್ಲಿತ್ತು. ಅದನ್ನು ಎರಡು ಸಲ ಮುಟ್ಟಿ ನೋಡಿಕೊಂಡದ್ದೂ ಅದೇ ಕೈ.

ಭಾನುವಾರ ಜೆ.ಪಿ. ನಗರದಲ್ಲಿ ಗುಂಡಣ್ಣನ ಮನೆಯ ಮುಂದೆ ಮೂರು ಸಲ ಹಾದುಹೋದರು, ಗೇಟು ಮುಟ್ಟಲಿಲ್ಲ. ಏನೆಂದು ಹೇಳುವುದು? ಬೋರಯ್ಯನ ಮಂಡಿ ಚೆನ್ನಾಗಿದೆ ಎಂದು ಹೇಳಲು ಹೋದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಗುತ್ತದೆ. ಮುಂದಿನ ಹತ್ತು ದಿನ ಸ್ಟೋರ್ಸಿನ ಕಿಟಕಿಯ ಮುಂದೆ ನೆರಳಾಡಿದರೆ ಸಾಕು, ಬೋರಯ್ಯನಿಗೆ ನೋಟೀಸು ಬಂತೇನೋ ಎಂದು ಎಣಿಸುತ್ತಿದ್ದ ಬೋಲ್ಟಿನ ಲೆಕ್ಕ ತಪ್ಪುತ್ತಿತ್ತು. ಅಷ್ಟರಲ್ಲಿ ಸೆಲ್ವಮಣಿ ನಾಲ್ಕು ಗೋಲು ಹೊಡೆದ.

ತಿಂಗಳ ಕೊನೆಯ ದಿನ ಬೋರಯ್ಯನಿಗೆ ಪರ್ಮನೆಂಟ್ ಆರ್ಡರ್ ಬಂತು. ಸಂಜೀವಯ್ಯನವರಿಗೆ ನಂಬಿಕೆಯಾಗಲಿಲ್ಲ. ನೇರವಾಗಿ ಗುಂಡಣ್ಣನ ಮೇಜಿಗೆ ಹೋಗಿ ನಿಂತರು.

ಗುಂಡಣ್ಣ ತಲೆ ಎತ್ತದೆಯೇ ಅಂದ, “ಡಾಕ್ಟರ ಚೀಟಿ ಆ ಶನಿವಾರದ ಮುಂಚಿನ ಬುಧವಾರಾನೇ ನನ್ನ ಟೇಬಲ್‌ಗೆ ಬಂದಿತ್ತು ಸಂಜೀವಣ್ಣ. ಫೈಲಿನ ಅಡಿ ಇಟ್ಟಿದ್ದೆ, ಇವತ್ತು ಸೈನ್ ಆದ್ಮೇಲೆ ತೆಗೆದೆ. ಅವನನ್ನೇ ಇಟ್ಕೊಂಡು ಈ ವರ್ಷಾನೂ ನೀವು ಸೋಲ್ತೀರಲ್ಲಾ ಅಂತ ಸೆಲ್ವಮಣಿನ ಕೊಟ್ಟೆ. ನಾನು ನಾಲ್ಕು ಸಲ ಕೂತಿದೀನಿ ಆ ಕುರ್ಚೀಲಿ.”

ಯಾರಿಂದ ಹುಡುಗನನ್ನು ಕಾಪಾಡಬೇಕೆಂದು ಒದ್ದಾಡಿದ್ದರೋ ಅವನೇ ಕಾಪಾಡಿದ್ದ. ಕಾಪಾಡಬೇಕಾದವರು ಕಾಫಿ ಕುಡಿದಿದ್ದರು.

ಲೀಗು ಮುಗಿಯಿತು, ಅವರು ಗೆದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮೊದಲ ಸಲ ಕೂತ ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ಮೈಸೂರುಪಾಕಿನ ಪೊಟ್ಟಣ ಹಿಡಿದು ಬೋರಯ್ಯ ಕುಂಟುತ್ತ ಬಂದ. ಎಲ್ಲರಿಗೂ ಹಂಚಿ, ಎದುರಿಗೆ ಕೂತು, ಅಣ್ಣ ತನ್ನಂಥ ಕುಂಟನನ್ನು ಇಟ್ಟುಕೊಂಡೂ ಗೆದ್ದರಲ್ಲ ಎಂದು ನಕ್ಕ. ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ಸಂಜೀವಯ್ಯನವರಿಂದ ಆಗಲಿಲ್ಲ.

“ನಿನ್ನ ಚೀಟಿ ಕೊಟ್ಬಿಟ್ಟೆ ಕಣೋ,” ಅಂದರು.

“ಒಳ್ಳೇದೇ ಆಯ್ತು ಬಿಡಿ. ಯಾವಾಗ ಅಣ್ಣ?”

“ಆ ಶನಿವಾರ.”

ಬೋರಯ್ಯ ಮಂಡಿಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಗುರುವಾರದಿಂದ ಶನಿವಾರಕ್ಕೆ ಎಣಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಸಂಜೀವಯ್ಯನವರು ಅವಸರವಾಗಿ ಮಾಣಿಯನ್ನು ಕರೆದು ಒಂದು ಕಾಫಿ ಬೈಟು ಹೇಳಿದರು.

“ಬೈಟು ಬೇಡ ಅಣ್ಣ,” ಅಂದ ಬೋರಯ್ಯ ಮೆಲ್ಲಗೆ. “ನನಗೆ ಫುಲ್ಲೇ ಹೇಳಿ.”