ಎಕೋ ಹಾಕದ ಪ್ರಾರ್ಥನೆ

ಆರ್‌ಪಿಸಿ ಲೇಔಟಿನ ಹಿಂದಿನ ರಸ್ತೆಯಲ್ಲಿ, ಒಂದು ಹಿಟ್ಟಿನ ಗಿರಣಿಗೂ ಒಂದು ಬ್ಯೂಟಿ ಪಾರ್ಲರಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಿರುವ ಅಂಗಡಿಯೇ ‘ಕೃಪಾ ಸೌಂಡ್ಸ್ ಅಂಡ್ ಶಾಮಿಯಾನ’. ಮಾಲೀಕ ಬಾಳೇಶ. ಗಿರಣಿ ಓಡಿದಾಗಲೆಲ್ಲ ಅವನ ಸ್ಪೀಕರುಗಳ ಮೇಲೆ ರಾಗಿಹಿಟ್ಟು ಕೂರುತ್ತದೆ. ಹಾಗಾಗಿ ಬಾಳೇಶನ ಮೈಕಿನಲ್ಲಿ ಯಾರು ಹಾಡಿದರೂ ನೆಗಡಿಯಾದವರ ಹಾಗೆ ಕೇಳುತ್ತದೆಂದು ಬೀದಿಯವರ ದೂರು. ಆದರೂ ಕರೆಯುವುದು ಅವನನ್ನೇ. ಹೇಳಿದ ಹೊತ್ತಿಗೆ ಬರುತ್ತಾನೆ, ಮತ್ತು ನಮ್ಮ ಕಡೆ ಒಳ್ಳೆಯ ಸೌಂಡಿಗಿಂತ ಅದು ಅಪರೂಪ.

ಬಾಳೇಶ ಅಥಣಿ ಕಡೆಯವನು. ವೈರು ಸುತ್ತುವ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಮಾಗಡಿ ರೋಡಿನ ಲಕ್ಷ್ಮಿಯನ್ನು ಮದುವೆಯಾಗಿ, ಸಾಧಾರಣ ಕುಡುಕನಾಗಿ ಬಾಳುತ್ತಿದ್ದ. ಅನ್ನಪೂರ್ಣೇಶ್ವರಿ ನಗರದಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಪಾಸ್ಟರ್ ರವಿಕುಮಾರ್ ಸಭೆ ನಡೆಸುತ್ತಿದ್ದರು. ಅಲ್ಲಿಗೆ ಮೈಕು ಕಟ್ಟಲು ಹೋದವನು ವಾರ ವಾರ ಹಾಡು ಕೇಳಿ ಕೇಳಿ ಒಂದು ಭಾನುವಾರ ತಾನೂ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಕುಡಿತ ಬಿಟ್ಟಿತ್ತು. ನಿಜವಾಗಿಯೂ ಬಿಟ್ಟಿತ್ತು. “ಬಿಡಿಸಿದ್ದು ಯಾವ ದೇವರಾದ್ರೂ ನಂಗೆ ಓಕೆ,” ಎಂದು ಲಕ್ಷ್ಮಿಯೂ ಹಿಂದೆಯೇ ದೀಕ್ಷಾಸ್ನಾನ ತೆಗೆದುಕೊಂಡಳು.

ಅಂದಿನಿಂದ ಬಾಳೇಶ ಫೋನೆತ್ತಿದರೆ “ಸ್ತೋತ್ರ ಬ್ರದರ್” ಎನ್ನುವನು. ಗ್ಯಾಸ್ ಏಜೆನ್ಸಿಯವರಿಗೂ ಅದೇ. ಮೈಕ್ ಟೆಸ್ಟಿಂಗಿನಲ್ಲಿ ಬೇರೆಯವರು ‘ಹಲೋ ಹಲೋ’ ಅಂದರೆ ಇವನು “ಸ್ತೋತ್ರ, ಸ್ತೋತ್ರ, ಹಲ್ಲೆಲೂಯ” ಅನ್ನುವನು.

ಅಪ್ಪ ಹೋದ ಮೇಲೆ ಅವ್ವ ಕಸ್ತೂರೆವ್ವ ಊರಿನಿಂದ ಇವರ ಮನೆಗೆ ಬಂದಳು. ಹಣೆಯ ತುಂಬ ವಿಭೂತಿ, ಕಿವಿ ಮಂದ. ಮೆಲ್ಲಗೆ ಮಾತಾಡಿದರೆ ಕೇಳುತ್ತಿರಲಿಲ್ಲ, ಜೋರಾಗಿ ಮಾತಾಡಿದರೆ “ಯಾಕ ಒದರ್ತಿ?” ಎಂದು ಜಗಳಕ್ಕೆ ಬರುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ಒಂದು ಭಾನುವಾರ ಸಭೆಗೆ ಬಂದಳು. ಬಾಳೇಶ ಆಕೆಯ ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೇ ಹಾಕಿದ. ಪಾಸ್ಟರು ಗರ್ಜಿಸಿದರು. ಅವ್ವನ ಮುಖ ಅರಳಿತು.

“ಈ ಊರಾಗ ಇಂವ ಒಬ್ಬನ ಮಾತು ನನಗ ಸ್ವಚ್ಛ ಕೇಳ್ತೈತಿ ನೋಡು,” ಎಂದಳು.

ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ. ವಿಭೂತಿ ಹಚ್ಚಿಕೊಂಡೇ ಬರುವಳು, ತಾಳ ತಪ್ಪಿ ಚಪ್ಪಾಳೆ ತಟ್ಟುವಳು, ಸಭೆಯ ಊಟಕ್ಕೆಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಚಟ್ನಿ ತರುವಳು. ದೀಕ್ಷಾಸ್ನಾನದ ಮಾತೆತ್ತಿದರೆ ಮಾತ್ರ, “ಈ ವಯಸ್ನ್ಯಾಗ ನೀರಾಗ ಮುಳುಗಿಸ್ತೀರೇನು? ನನಗ ನೀರಂದ್ರ ಅಂಜಿಕಿ. ಚಟ್ನಿ ತಿನ್ರಿ,” ಎನ್ನುವಳು. ಪಾಸ್ಟರೂ ನಕ್ಕು ಚಟ್ನಿ ತಿನ್ನುತ್ತಿದ್ದರು, ಎರಡು ಸಲ ಹಾಕಿಸಿಕೊಂಡು.

ಒಂದು ಬೆಳಿಗ್ಗೆ ಅವ್ವ ಹಾಸಿಗೆಯಿಂದ ಏಳಲಿಲ್ಲ. ಮಣ್ಣು ಊರಿನಲ್ಲೇ ಆಯಿತು. ಅಣ್ಣ ಗೂಳಪ್ಪ ಎಲ್ಲವನ್ನೂ ಅಲ್ಲಿಯ ಪದ್ಧತಿಯಂತೆ ಮಾಡಿದ. ಬಾಳೇಶ ವಾಪಸು ಬಂದು ಎಂದಿನಂತೆ ಭಾನುವಾರ ಸಭೆಯ ಮಿಕ್ಸರ್ ಮುಂದೆ ಕೂತ.

ಇಲ್ಲಿ ಅವನ ಕೆಲಸದ ಒಂದು ಕ್ರಮ ಹೇಳಬೇಕು. ಬೋಧನೆಯ ದನಿ ಏರುತ್ತ ಹೋಗಿ ಪಾಸ್ಟರು ಬಲಗೈ ಮೇಲೆತ್ತಿದರೆ, ಬಾಳೇಶ ಎಕೋ ಗುಂಡಿ ತಿರುಗಿಸಬೇಕು. ಆಗ ಕೊನೆಯ ಮಾತು ಬೆಟ್ಟದ ಮೇಲಿಂದ ಬಂದಂತೆ ಮೊಳಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ವರ್ಷಗಳಿಂದ ಕೈಗೂ ಕೈಗೂ ಆದ ಒಪ್ಪಂದ.

ಪಾಸ್ಟರು ಅಂದು ಸ್ಪೀಕರಿನ ಪಕ್ಕದ ಖಾಲಿ ಕುರ್ಚಿಯನ್ನು ತೋರಿಸಿದರು.

“ಇದೇ ಕುರ್ಚಿ, ಪ್ರಿಯರೇ! ಇಲ್ಲಿ ಕೂತು ನಮ್ಮ ಕಸ್ತೂರೆವ್ವಮ್ಮ ಎಷ್ಟು ದೇವರ ವಾಕ್ಯ ಕೇಳಿದ್ರು! ಚಟ್ನಿ ಕೊಟ್ರು, ಚಪ್ಪಾಳೆ ತಟ್ಟಿದ್ರು. ಆದ್ರೆ ದೀಕ್ಷಾಸ್ನಾನ ತಗೊಂಡ್ರಾ? ಇಲ್ಲ! ಇವತ್ತು ಆ ತಾಯಿ ಎಲ್ಲಿದಾರೆ?” ಬಲಗೈ ಮೇಲೆ ಹೋಯಿತು. “ಬೆಂಕಿಯಲ್ಲಿ!”

ಬಾಳೇಶನ ಬೆರಳು ತಾನಾಗಿ ಗುಂಡಿ ತಿರುಗಿಸಿಬಿಟ್ಟಿತ್ತು. ‘ಬೆಂಕಿಯಲ್ಲಿ... ಯಲ್ಲಿ... ಯಲ್ಲಿ...’ ಎಂದು ಮಾತು ಗೋಡೆಗೆ ಗೋಡೆಗೆ ಬಡಿದು, ಮೆಟ್ಟಿಲಿಳಿದು, ಕೆಳಗಿನ ಟೈಲ್ಸ್ ಅಂಗಡಿಯನ್ನೂ ಸುತ್ತಿ ಬಂತು. ಅಷ್ಟು ಚೆನ್ನಾದ ಎಕೋ ಆ ಹಾಲಿನಲ್ಲಿ ಎಂದೂ ಬಂದಿರಲಿಲ್ಲ.

ಬಾಳೇಶ ತನ್ನ ಬೆರಳನ್ನು ನೋಡಿಕೊಂಡ. ಆಮೇಲೆ ಎಲ್ಲ ಗುಂಡಿಗಳನ್ನೂ ಕೆಳಗೆಳೆದ. ಪಾಸ್ಟರ ಬಾಯಿ ಆಡುತ್ತಿತ್ತು, ಸದ್ದಿರಲಿಲ್ಲ. ಕರೆಂಟು ಹೋಯಿತೇನೋ ಎಂದು ಜನ ತಲೆಯೆತ್ತಿ ಫ್ಯಾನು ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಬಾಳೇಶ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತಿದ್ದ. ಹಿಂದೆಯೇ ಬಂದ ಲಕ್ಷ್ಮಿ ಕೇಳಿದ್ದು ಒಂದೇ ಮಾತು: “ಗಾಡಿ ಕೀ ತಗೊಂಡ್ರಾ?”

ಸಭೆ ಬಿಟ್ಟದ್ದೇನೋ ಆಯಿತು. ಮುಂದಿನ ಭಾನುವಾರ ಬೆಳಿಗ್ಗೆ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಮಟನ್ ಅಂಗಡಿಯ ಸಾಲಿನಲ್ಲಿ ನಿಂತ. ಮಟನ್ ಸಿಕ್ಕಿದರೂ ಇನ್ನೂ ಹೊತ್ತು ಉಳಿದಿತ್ತು. ಫೋನು ಬಂದರೆ “ಸ್ತೋ...” ಎಂದು ನಿಲ್ಲಿಸಿ “ಹೇಳಿ” ಎನ್ನುವನು. ಕೆಲವು ಗಿರಾಕಿಗಳು ಇವನಿಗೆ ತೊದಲು ಶುರುವಾಗಿದೆ ಎಂದುಕೊಂಡರು. ನಾಗರಬಾವಿಯ ಇನ್ನೊಂದು ಸಭೆಗೂ ಹೋಗಿ ನೋಡಿದ. ಮೈಕು ಕುಯ್ಯೆಂದಾಗ ಎದ್ದು ಸರಿಮಾಡಲು ಹೊರಟ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಆದರೆ ಅಲ್ಲಿಯ ಪಾಸ್ಟರು ಪಾಪ, ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗ, ಇವನು ಎದ್ದು ಹೊರಗೆ ಬಂದ.

ಎಲ್ಲಕ್ಕಿಂತ ಕಷ್ಟವಾದದ್ದು ಊಟದ ಹೊತ್ತಿಗೆ. ತಟ್ಟೆಯ ಮುಂದೆ ಕಣ್ಣು ಮುಚ್ಚಿ “ಯೇಸಪ್ಪಾ” ಎಂದರೆ ಸಾಕು, ಒಳಗಿನಿಂದ ‘ಯಲ್ಲಿ... ಯಲ್ಲಿ...’ ಎಂದು ಶುರುವಾಗುತ್ತಿತ್ತು. ತಾನೇ ಹಾಕಿದ ಎಕೋ. ತಟ್ಟನೆ ಕಣ್ಣು ಬಿಟ್ಟು ಮುದ್ದೆ ಮುರಿಯುವನು.

“ಸಾರು ತಣ್ಣಗಾಗೋವರೆಗೂ ಪ್ರಾರ್ಥನೆ ಮಾಡ್ತಿದ್ರಿ,” ಎಂದಳು ಲಕ್ಷ್ಮಿ. “ಈಗ ಕಣ್ಣಿಗೆ ಧೂಳು ಬಿದ್ದೋರ ಥರ ಮಾಡ್ತೀರಲ್ಲ?”

“ಪ್ರಾರ್ಥನಿ ಬರವಲ್ದು,” ಎಂದ. ನೋವಾದಾಗ ಅವನ ಬೆಂಗಳೂರು ಕನ್ನಡ ಹೋಗಿ ಅಥಣಿ ಬರುತ್ತದೆ.

ಸಭೆಯಿಂದ ಬ್ರದರ್ ಮಹದೇವ್, ಸಿಸ್ಟರ್ ಸುಮಾ ಬಾಳೆಹಣ್ಣು ಹಿಡಿದುಕೊಂಡು ಅಂಗಡಿಗೆ ಬಂದರು.

“ನಿಮಗೋಸ್ಕರ ಮನಸ್ಸಿನ ಭಾರದಿಂದ ಪ್ರಾರ್ಥನೆ ಮಾಡ್ತಾ ಇದೀವಿ ಬ್ರದರ್,” ಎಂದ ಮಹದೇವ್. “ಪಾಸ್ಟರ್ ಪ್ರೀತಿಯಿಂದಾನೇ ಎಚ್ಚರಿಕೆ ಕೊಟ್ಟಿದ್ದು. ವಾಕ್ಯದಲ್ಲಿ ಇರೋದನ್ನ ಅವ್ರು ಹೇಗೆ ಮುಚ್ಚಿಡ್ತಾರೆ?”

“ಒಂದು ಕೇಳ್ತೀನಿ. ಅವ್ವನ ಚಟ್ನಿ ತಿಂದೀರಿಲ್ಲೋ?”

“ತಿಂದಿದೀವಿ.”

“ಅದಕ್ಕ ದೀಕ್ಷಾಸ್ನಾನ ಆಗಿತ್ತೇನು?”

ಸುಮಾ ತಲೆ ತಗ್ಗಿಸಿ ಬಾಳೆಹಣ್ಣಿನ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

ಅವರು ಹೋದ ಮೇಲೆ ಪಕ್ಕದ ಗಿರಣಿಯ ಗುರುಬಸಪ್ಪ, ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ, ಹಲ್ಲು ಬಿಡುತ್ತ ಬಂದ.

“ಬಿಟ್ಬಿಟ್ಟಂತೆ? ಒಳ್ಳೇದಾಯ್ತು ಬಾಳೇಶಣ್ಣ. ವಾಪಸ್ ಬಂದ್ಯಲ್ಲ!”

“ನಾ ಎಲ್ಲಿಗೂ ವಾಪಸ್ ಬಂದಿಲ್ರಿ. ಸಭೆ ಬಿಟ್ಟೀನಿ. ಯೇಸೂನ ಬಿಟ್ಟಿಲ್ಲ.”

“ಮತ್ತೆ ಅವ್ನ ಜೊತೆ ಮಾತಾಡ್ತೀಯಾ?”

ಮುಖದ ಹಿಟ್ಟು ಒರೆಸಿಕೊಳ್ಳುವ ನೆಪ ಗುರುಬಸಪ್ಪನಿಗಿತ್ತು, ಬಾಳೇಶನಿಗೆ ಮುಖ ಮರೆಸಲು ಅದೂ ಇರಲಿಲ್ಲ.

ಅವ್ವನ ವರ್ಷದ ದಿನ ಹತ್ತಿರ ಬರುತ್ತಿತ್ತು. ಊರಲ್ಲಿ ಗೂಳಪ್ಪ ಸ್ವಾಮಿಗಳನ್ನು ಕರೆಸಿ ತನ್ನ ಪಾಲಿನದನ್ನು ಮಾಡುತ್ತಾನೆ. ಬಾಳೇಶನ ಪಾಲಿನದು ಇಲ್ಲಿ, ಅವ್ವನ ಹೆಸರಿನಲ್ಲಿ ಒಂದು ಪ್ರಾರ್ಥನೆ. ಬೇರೆ ಪಾಸ್ಟರನ್ನು ಕರೆಯಲು ಧೈರ್ಯವಿಲ್ಲ. ಆತ ಏನು ಹೇಳುತ್ತಾನೋ. ತಾನೇ ಮಾಡೋಣವೆಂದರೆ ಬಾಯಿ ಬರುತ್ತಿಲ್ಲ. ಅವ್ವನನ್ನು ಯಾರೋ ಬೆಂಕಿಗೆ ಹಾಕಿದರು, ಇವನು ಎತ್ತಿಕೊಳ್ಳಲಿಲ್ಲ ಎಂದಾಗಬಾರದು. ಇಷ್ಟೇ ಅವನ ಚಿಂತೆ, ಆದರೆ ರಾತ್ರಿ ಮಗ್ಗಲು ಬದಲಿಸಲು ಅಷ್ಟು ಸಾಕಿತ್ತು.

ಈ ನಡುವೆ ಬೀದಿಗೆ ಅಣ್ಣಮ್ಮ ದೇವಿಯ ಉತ್ಸವ ಬಂತು. ಕಮಿಟಿ ಅಧ್ಯಕ್ಷ ಗುರುಬಸಪ್ಪನೇ, ಸೌಂಡು ಬಾಳೇಶನದು. ಅಮ್ಮನವರನ್ನು ತಂದು ಚಪ್ಪರದಲ್ಲಿ ಕೂರಿಸಿಯಾಗಿತ್ತು. ಆರತಿಯ ಹೆಂಗಸರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಬಾಳೇಶನ ತಲೆಯಲ್ಲಿ ವರ್ಷದ ದಿನದ ಲೆಕ್ಕಾಚಾರ. ಮೈಕಿಗೆ ಎರಡು ಸಲ ಬೆರಳು ಬಡಿದು, ಬಾಯಿ ಹತ್ತಿರ ತಂದು, ಅಭ್ಯಾಸ ಬಲದಿಂದ, ನಾಲ್ಕೂ ದಿಕ್ಕಿನ ಹಾರನ್ನುಗಳಲ್ಲಿ ಹೊರಡಿಸಿಬಿಟ್ಟ:

“ಸ್ತೋತ್ರ, ಸ್ತೋತ್ರ, ಹಲ್ಲೆಲೂಯ!”

ತಮಟೆ ನಿಂತಿತು. ಆರತಿಯವರು ತಿರುಗಿ ನೋಡಿದರು. ಹುಡುಗರ ಗುಂಪಿನಿಂದ ಯಾರೋ “ಏಯ್...” ಎಂದು ಮುಂದೆ ಬಂದ. ಅಷ್ಟರಲ್ಲಿ ಗುರುಬಸಪ್ಪ ಮೈಕು ಕಿತ್ತುಕೊಂಡ.

“ಸೌಂಡು ಕ್ಲಿಯರಾಗಿದೆ ಬಾಳೇಶಣ್ಣ! ಅಮ್ಮಂಗೂ ಕೇಳಿಸ್ತು. ಏಯ್ ತಮಟೆ, ನಿಂಗೇನೋ ಆಯ್ತು? ಬಾರ್ಸೋ!”

ಮೊದಲು ನಕ್ಕದ್ದು ಆರತಿ ಹಿಡಿದ ಒಬ್ಬ ಅಜ್ಜಿ. ಆಮೇಲೆ ಚಪ್ಪರವೆಲ್ಲ ನಕ್ಕಿತು. ಬಾಳೇಶ ಸೌಂಡ್ ಬಾಕ್ಸಿನ ಹಿಂದೆ ಹೋಗಿ ಕುಕ್ಕರಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ತಾನು ಸ್ತೋತ್ರ ಅಂದಿದ್ದರೂ ಹಿಂದೆ ‘ಯಲ್ಲಿ’ ಬರಲಿಲ್ಲ. ಮೆಲ್ಲಗೆ ಇನ್ನೊಮ್ಮೆ ಅಂದು ನೋಡಿದ. ತಮಟೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅದನ್ನೇ ಲಾಭವೆಂದುಕೊಂಡ.

ವರ್ಷದ ದಿನ ಲಕ್ಷ್ಮಿ ಶೇಂಗಾ ಚಟ್ನಿ ಕುಟ್ಟಿದಳು. ಫೋಟೋದಲ್ಲಿ ಅವ್ವ ವಿಭೂತಿ ಹಚ್ಚಿಕೊಂಡೇ ಇದ್ದಳು. ಗುರುಬಸಪ್ಪ ಸ್ನಾನ ಮಾಡಿ ಬಂದ; ಅವನ ನಿಜವಾದ ಬಣ್ಣ ಕಂಡು ಲಕ್ಷ್ಮಿಗೆ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಇನ್ನೇನು ಶುರುಮಾಡಬೇಕು, ಬಾಗಿಲಲ್ಲಿ ಸಿಸ್ಟರ್ ಸುಮಾ. ಕೈಯಲ್ಲಿ ಅವ್ವನ ಸ್ಟೀಲ್ ಡಬ್ಬಿ.

“ಸಭೆ ಅಡುಗೆಮನೇಲಿ ಇತ್ತು. ತೊಳೆದು ತಂದೆ,” ಎಂದಳು. “ನಾನು ಬಂದಿದ್ದು ಪಾಸ್ಟರ್‌ಗೆ ಹೇಳ್ಬೇಡಿ.”

“ಕೂತ್ಕೋ ಬಾ,” ಎಂದಳು ಲಕ್ಷ್ಮಿ.

ನಾಲ್ಕು ಜನ ಕೂತರೆ ತುಂಬುವ ಹಾಲು ಅದು. ಬಾಳೇಶ ಅಲ್ಲಿ ಮೈಕ್ ಸ್ಟ್ಯಾಂಡು ನಿಲ್ಲಿಸಿ, ಸ್ಪೀಕರನ್ನು ಫೋಟೋದ ಪಕ್ಕಕ್ಕೇ ಇಟ್ಟು, ಎಕೋ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಅದು ಅಲ್ಲಾಡದಂತೆ ಮೇಲೆ ಟೇಪು ಹಚ್ಚಿದ. ಕಣ್ಣು ಮುಚ್ಚಿದ. ಗುರುಬಸಪ್ಪ ಕೆಮ್ಮಿದ.

“ಯೇಸಪ್ಪಾ,” ಎಂದ ಬಾಳೇಶ. ‘ಯಲ್ಲಿ’ ಬಂತು. ಬರಲಿ ಎಂದು ಬಿಟ್ಟು, ಅದು ಮುಗಿಯುವವರೆಗೆ ಕಾದು ಮುಂದುವರಿಸಿದ. “ನಮ್ಮವ್ವ ಬಂದಾಳ. ನೀರಿಗಿ ಅಂಜತಿದ್ಲು, ಅದಕ್ಕ ಮುಳುಗಲಿಲ್ಲ. ನಿನ್ನ ಮ್ಯಾಲ ಸಿಟ್ಟೇನ ಇರಲಿಲ್ಲ. ನಿನ್ನ ಮಂದಿಗೆಲ್ಲಾ ಚಟ್ನಿ ಹಾಕ್ಯಾಳ. ಒಳಗ ಕರಕೊ. ಆಮೆನ್.”

“ಆಮೆನ್,” ಎಂದಳು ಸುಮಾ. ಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಗುರುಬಸಪ್ಪ ಕಿವಿಯಿಂದ ಕೈ ತೆಗೆದ.

“ಪ್ರಾರ್ಥನೆ ಚೆನ್ನಾಗಿತ್ತು ಬಿಡು. ಆದ್ರೆ ನಾವು ಇರೋ ನಾಕು ಜನಕ್ಕೆ ಮೈಕ್ ಯಾಕಯ್ಯಾ? ಬೀದಿಗೆಲ್ಲಾ ಕೇಳಿಸ್ತು.”

ಬಾಳೇಶ ವೈರು ಸುತ್ತತೊಡಗಿದ್ದ.

“ನಿಮಗಲ್ರಿ,” ಎಂದ. “ಅವ್ವಗ ಕಿವಿ ಕೇಳ್ತಿರಲಿಲ್ಲ.”